ಹಾರೆಯೋ, ಕಳೆಗುದ್ದಲಿಯೋ, ಪಿಕ್ಕಾಸೋ?

ಕಾಸರಗೋಡಿನ ಬದಿಯಡ್ಕ ಕಡೆ ಹೊಸದಾಗಿ ಅಡಿಕೆ ತೋಟ ತೆಗೆದುಕೊಂಡಿದ್ದೀರಿ, ಹಾರೆ (ಮಣ್ಣು ಎಳೆಯುವ ಅಗಲ ಬಾಯಿಯ ಗುದ್ದಲಿ), ಕಳೆಗುದ್ದಲಿ, ಪಿಕ್ಕಾಸು (ಗಟ್ಟಿ ನೆಲ ಒಡೆಯುವ ಚೂಪು ಮೊನೆಯ ಗುದ್ದಲಿ) ಇವುಗಳಲ್ಲಿ ಯಾವುದನ್ನು ಕೊಳ್ಳೋದು ಅಂತ ಕೇಳಿದ್ದೀರಿ. ಮೊದಲು ಮಣ್ಣು ನೋಡಿ.

ಬರೀ ಕಳೆ ತೆಗೆಯೋದಾದರೆ ಕಳೆಗುದ್ದಲಿ ಸಾಕು. ಹಗುರ, ಬೆಲೆಯೂ ಕಡಿಮೆ. ಅಡಿಕೆ ಬೇರು ಮೇಲುಮೇಲೆಯೇ ಹರಡಿರುತ್ತದೆ. ಬುಡದ ಹತ್ತಿರ ದೊಡ್ಡ ಹಾರೆ ಬೀಸಿದರೆ ಹುಲ್ಲಿನ ಜೊತೆ ಬೇರೂ ತುಂಡಾಗುತ್ತದೆ. ಆದರೆ ಗೊಬ್ಬರ ಹಾಕಿ ಮಣ್ಣು ಎಳೆಯಲು, ಕಣಿ (ನೀರು ಹರಿಯುವ ಕಾಲುವೆ) ಬಿಡಿಸಲು ಹಾರೆಯೇ ಬೇಕು. ಮೆತ್ತನೆ ಮಣ್ಣಿನ ತೋಟಕ್ಕೆ ಒಂದೇ ಕೊಳ್ಳೋದಾದರೆ ನಾನು ಹಾರೆಯನ್ನೇ ಆರಿಸುತ್ತೇನೆ.

ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಯಲ್ಲಿ ಕಥೆ ಬೇರೆ. ಅಡಿಕೆ ಗುಂಡಿ 90 ಸೆಂ.ಮೀ. ಆಳ ಹೋಗಬೇಕಲ್ವಾ? ಅಲ್ಲಿ ಹಾರೆಯ ಬಾಯಿ ಮಡಚುತ್ತದೆ. ಪಿಕ್ಕಾಸು ಒಡೆಯಲಿ, ಹಾರೆ ಮಣ್ಣು ಎಳೆಯಲಿ. ಪಿಕ್ಕಾಸಿನಲ್ಲಿ ಕಳೆ ತೆಗೆಯೋದು ಮಾತ್ರ ಸುಮ್ನೆ ಕೈನೋವು.

ಯಾವುದೇ ಕೊಳ್ಳಿ, ಕಾವು (ಮರದ ಹಿಡಿ) ನಿಮ್ಮ ಎತ್ತರಕ್ಕೆ ತಕ್ಕಂತೆ ಹಾಕಿಸಿ. ಗಿಡ್ಡವಾದರೆ ಬೆನ್ನಿಗೆ ಜಾಸ್ತಿ ಕಷ್ಟ.