ಟೂತ್‌ಬ್ರಷ್ ನೋಡಲು ಯಾವ ರೇಡಿಯೋ ನಕ್ಷೆ?

ಗೌರಿಬಿದನೂರಿನ ಮನೆಯಲ್ಲಿ ಮೂರು ರಾತ್ರಿ ಕೂತು ರೇಡಿಯೋ ದೂರದರ್ಶಕಗಳು ಮಾಡಿದ ಆಕಾಶದ ಮೂರು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ: ಫಸ್ಟ್, ಎನ್‌ವಿಎಸ್‌ಎಸ್, ಟಿಜಿಎಸ್‌ಎಸ್. ಮೂರೂ ಸ್ಕೈವ್ಯೂ ಅನ್ನುವ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಹುಡುಕಿದ್ದು ಗ್ಯಾಲಕ್ಸಿ ಗುಂಪುಗಳ ಮಂಕು ಬೆಳಕನ್ನು. ಎರಡು ಗುಂಪು ಡಿಕ್ಕಿ ಹೊಡೆದಾಗ ಅವುಗಳ ಬಿಸಿ ಅನಿಲದಲ್ಲಿ ಆಘಾತದ ಅಲೆ ಏಳುತ್ತದೆ. ಆ ಅಲೆ ಎಲೆಕ್ಟ್ರಾನ್‌ಗಳಿಗೆ ವೇಗ ಕೊಡುತ್ತದೆ. ಅವು ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ರೇಡಿಯೋ ಬೆಳಕು ಸೂಸುತ್ತವೆ. ಹೀಗೆ ಅಂಚಿನಲ್ಲಿ ಮೂಡುವ ಪಟ್ಟಿಗೆ ರೆಲಿಕ್ ಅಂತಾರೆ; ಹಲ್ಲುಜ್ಜುವ ಬ್ರಷ್ಷಿನ ಹಾಗೆ ಕಾಣುವ ಟೂತ್‌ಬ್ರಷ್ ಅಂಥದ್ದೊಂದು. ನಡುವೆ ಹರಡಿದ ಮಂಜಿನಂಥದ್ದು ಹೇಲೋ.

ಮೊದಲು ಕೋಮಾ ಗುಂಪಿನ ಹೇಲೋ. ಫಸ್ಟ್ ನಕ್ಷೆ 5 ಆರ್ಕ್‌ಸೆಕೆಂಡ್‌ನಷ್ಟು ಚೂಪು (ಡಿಗ್ರಿಯ 3600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್; ಸಂಖ್ಯೆ ಚಿಕ್ಕದಾದಷ್ಟೂ ಚಿತ್ರ ಚೂಪು), ಅದೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ಗ್ಯಾಲಕ್ಸಿಗಳ ಚುಕ್ಕೆಗಳು ಚೆನ್ನಾಗಿ ಕಂಡವು, ಹೇಲೋ ಮಾತ್ರ ಇಲ್ಲವೇ ಇಲ್ಲ! ಪರಂಗಿ ದಂಟಿನ ಕೊಳವೆಯಲ್ಲಿ ನಂದಿ ಬೆಟ್ಟ ನೋಡಿದ ಹಾಗೆ: ಬಂಡೆಯ ಬಿರುಕು ಕಾಣುತ್ತದೆ, ಬೆಟ್ಟ ಕಾಣುವುದಿಲ್ಲ. ಫಸ್ಟ್‌ಗೂ ಎನ್‌ವಿಎಸ್‌ಎಸ್‌ಗೂ ದೂರದರ್ಶಕ ಒಂದೇ, ಅಮೆರಿಕದ ವಿಎಲ್‌ಎ. ಆವರ್ತನವೂ ಒಂದೇ, 1.4 ಗಿಗಾಹರ್ಟ್ಸ್. ಫಸ್ಟ್‌ಗೆ ಅದರ ತಟ್ಟೆಗಳನ್ನು (ತಟ್ಟೆಯಾಕಾರದ ಆಂಟೆನಾಗಳನ್ನು) ದೂರ ದೂರ ಇಟ್ಟರು, ಎನ್‌ವಿಎಸ್‌ಎಸ್‌ಗೆ ಹತ್ತಿರ ತಂದರು. ಅಗಲವಾಗಿ ಹರಡಿದ್ದನ್ನು ಹಿಡಿಯಲು ಹತ್ತಿರದ ತಟ್ಟೆಗಳೇ ಬೇಕು. ಅರ್ಧ ಡಿಗ್ರಿಯಷ್ಟು ಹರಡಿದ ಕೋಮಾ ಹೇಲೋಗೆ ಎನ್‌ವಿಎಸ್‌ಎಸ್ ಕೂಡ ಸಾಲದು. ಟಿಜಿಎಸ್‌ಎಸ್‌ನಲ್ಲಿ ಗದ್ದಲ, ಅಂದರೆ ಮಂಕು ಬೆಳಕನ್ನು ಮುಚ್ಚಿಬಿಡುವ ಬೇಡದ ಏರಿಳಿತ, ಜಾಸ್ತಿ; ಅಲ್ಲೂ ಆಸೆ ಬಿಟ್ಟೆ.

ಟೂತ್‌ಬ್ರಷ್ ರೆಲಿಕ್‌ನಲ್ಲಿ ಕಥೆ ಬೇರೆ. ಸುಮಾರು 60 ಲಕ್ಷ ಬೆಳಕಿನ ವರ್ಷ ಉದ್ದದ ಆಘಾತದ ಗುರುತು ಅದು. ಫಸ್ಟ್ ಆ ಕಡೆ ನೋಡಿಯೇ ಇಲ್ಲ. ಎನ್‌ವಿಎಸ್‌ಎಸ್‌ನಲ್ಲಿ ಉದ್ದನೆಯ ಗೀಟು ಕಾಣುತ್ತದೆ, ಆದರೆ 45 ಆರ್ಕ್‌ಸೆಕೆಂಡ್‌ನ ಮಸುಕು. ಟಿಜಿಎಸ್‌ಎಸ್ ತೆರೆದೆ ನೋಡಿ, ಹಿಡಿ ಬೇರೆ, ಬ್ರಷ್ಷಿನ ತಲೆ ಬೇರೆ! ಇದು ಪುಣೆ ಬಳಿಯ ಖೋಡದ್‌ನಲ್ಲಿರುವ ಜಿಎಂಆರ್‌ಟಿ ಅನ್ನುವ ರೇಡಿಯೋ ದೂರದರ್ಶಕದ ನಕ್ಷೆ. 45 ಮೀಟರ್ ಅಗಲದ 30 ತಟ್ಟೆ, 150 ಮೆಗಾಹರ್ಟ್ಸ್, 25 ಆರ್ಕ್‌ಸೆಕೆಂಡ್. ಇಂಥ ರೆಲಿಕ್‌ಗಳು ಕಡಿಮೆ ಆವರ್ತನದಲ್ಲಿ ಜಾಸ್ತಿ ಹೊಳೆಯುತ್ತವೆ. ಟೂತ್‌ಬ್ರಷ್ ಇಲ್ಲಿ 1.4 ಗಿಗಾಹರ್ಟ್ಸ್‌ಗಿಂತ ಹತ್ತು ಪಟ್ಟಿಗೂ ಮಿಗಿಲು. ಗದ್ದಲವೂ ಸುಮಾರು ಅಷ್ಟೇ ಏರುತ್ತದೆ ಅನ್ನುವುದು ನಿಜ, ಅದಕ್ಕೇ ಮಂಕು ಹೇಲೋ ಇಲ್ಲಿ ಕಳೆದುಹೋಗುತ್ತದೆ, ಗಟ್ಟಿ ರೆಲಿಕ್ ಉಳಿಯುತ್ತದೆ.

ನಮ್ಮೂರ ಹತ್ತಿರವೇ ಸಾವಿರ ಆಂಟೆನಾಗಳನ್ನು ಟಿ ಆಕಾರದಲ್ಲಿ ನೆಟ್ಟು, ಇನ್ನೂ ಕೆಳಗೆ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ಮಾಡಿದ್ದರು. ಆ ದಾರಿಯಲ್ಲಿ ಎಷ್ಟು ಸಲ ಸುಮ್ನೆ ಓಡಾಡಿದ್ದೇನೆ! ಅಷ್ಟು ಕೆಳಗೆ ಯಾಕೆ ಇಳಿದರು ಅನ್ನುವುದು ಈಗ ಅರ್ಥವಾಗುತ್ತಿದೆ.

ರೆಲಿಕ್ ಹುಡುಕುವವರು ಟಿಜಿಎಸ್‌ಎಸ್‌ನಿಂದ ಶುರು ಮಾಡಿ, ಕಂಡಿದ್ದನ್ನು ಎನ್‌ವಿಎಸ್‌ಎಸ್‌ನಲ್ಲಿ ಪರೀಕ್ಷಿಸಿ. ಫಸ್ಟ್ ಆ ಜಾಗ ನೋಡಿದ್ದರೆ ಕೊನೆಗೆ ತೆರೆಯಿರಿ. ಅಲ್ಲಿ ಚುಕ್ಕೆ ಸಿಕ್ಕರೆ ಅದು ಮಾಮೂಲಿ ಗ್ಯಾಲಕ್ಸಿ ಆಗಿರಬಹುದು. ಏನೂ ಸಿಗದಿದ್ದರೆ ನಿಮ್ಮ ಅನುಮಾನ ಇನ್ನೂ ಜೀವಂತ.