ಹಳೆಯ ಸ್ಪೋರ್ಟ್ಸ್ ಕಾರಿನ ಬಣ್ಣ ಉಳಿಸುವುದೋ, ಕೆರೆಯುವುದೋ: ಪೊಸಿಟೆಕ್ಟರ್ 6000 ಮೀಟರ್ ವಿಮರ್ಶೆ

ಐವತ್ತು ಅರವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರನ್ನು ಇದ್ದ ಹಾಗೇ ಉಳಿಸಿಕೊಳ್ಳಬೇಕೋ, ಪೂರ್ತಿ ಬಿಚ್ಚಿ ಹೊಸದು ಮಾಡಿಸಬೇಕೋ ಎಂಬ ಚರ್ಚೆ ಬಹುಪಾಲು ಊಹೆಯ ಮೇಲೆಯೇ ನಡೆಯುತ್ತದೆ. ಮಾರುವವರು ಫ್ಯಾಕ್ಟರಿ ಬಣ್ಣವೇ ಎನ್ನುತ್ತಾರೆ, ಕೊಳ್ಳುವವರು ಹೊಳಪು ನೋಡಿ ತಲೆಯಾಡಿಸುತ್ತಾರೆ. ಡಿಫೆಲ್ಸ್ಕೋ ಕಂಪನಿಯ ಪೊಸಿಟೆಕ್ಟರ್ 6000, ಅಂದರೆ ಬಣ್ಣದ ದಪ್ಪ ಅಳೆಯುವ ಮೀಟರ್, ಈ ಊಹೆಯಲ್ಲಿ ಅರ್ಧವನ್ನು ಅಂಕಿಗೆ ಇಳಿಸುತ್ತದೆ. ಉಳಿದರ್ಧದ ಬಗ್ಗೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ.

ಕೊಳ್ಳುವುದಾದರೆ ಎಫ್‌ಎನ್ ಪ್ರೋಬ್ (ಬಣ್ಣಕ್ಕೆ ತಾಗಿಸುವ ಅಳತೆಯ ತುದಿ) ಇರುವುದನ್ನೇ ಕೊಳ್ಳಿ. ಇದು ಉಕ್ಕಿನ ಮೇಲೆ ಕಾಂತೀಯ ವಿಧಾನದಲ್ಲೂ, ಅಲ್ಯೂಮಿನಿಯಂ ಮೇಲೆ ಎಡ್ಡಿ ಕರೆಂಟ್ (ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿಸುವ) ವಿಧಾನದಲ್ಲೂ ಅಳೆಯುತ್ತದೆ. ಕೆಳಗಿರುವ ಲೋಹ ಯಾವುದೆಂದು ತಾನೇ ಗುರುತಿಸಿ ಪರದೆಯ ಮೇಲೆ ಎಫ್ (ಉಕ್ಕು) ಅಥವಾ ಎನ್ (ಅಲ್ಯೂಮಿನಿಯಂನಂಥ ಕಾಂತ ಹಿಡಿಯದ ಲೋಹ) ಎಂದು ತೋರಿಸುತ್ತದೆ. ಸಾಮಾನ್ಯ ಪ್ರೋಬ್‌ನ ವ್ಯಾಪ್ತಿ 0ಯಿಂದ 1500 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಕಾರಿನ ಬಣ್ಣಕ್ಕೆ ಅಷ್ಟು ಧಾರಾಳ ಸಾಕು. 50 ಮೈಕ್ರಾನ್ ದಾಟಿದ ಮೇಲೆ ಕಂಪನಿ ಹೇಳುವ ನಿಖರತೆ 2 ಮೈಕ್ರಾನ್ ಜೊತೆಗೆ ಶೇ. 1, ಹೆಚ್ಚು ಅಥವಾ ಕಡಿಮೆ. ಹಳೆಯ ಕಾರಿಗೆ ಇಷ್ಟು ನಿಖರತೆ ಅತಿಯಾಯಿತು, ನಿಜ. ಇದರ ಬೆಲೆಯ ಸಣ್ಣ ಪಾಲಿಗೆ ಸಿಗುವ ಅಗ್ಗದ ಮೀಟರುಗಳೂ ಬಣ್ಣದಡಿ ತಗ್ಗು ತುಂಬಿದ ಪುಟ್ಟಿಯನ್ನು ಪತ್ತೆಹಚ್ಚುವ ಕೆಲಸಕ್ಕೆ ಸಾಕು. ಇದಕ್ಕೆ ಹೆಚ್ಚು ಕೊಡುವುದು ಸ್ಥಿರತೆಗೆ ಮತ್ತು ಎನ್ ಲಾಕ್ ಎಂಬ ಸೌಲಭ್ಯಕ್ಕೆ. ಎನ್ ಲಾಕ್ ವಿಷಯ ಮುಂದೆ ಬರುತ್ತದೆ.

ಅಳೆಯುವ ಮೊದಲು ಬಣ್ಣವಿಲ್ಲದ ಉಕ್ಕಿನ ತಗಡಿನ ಮೇಲೆ ಸೊನ್ನೆ ನೋಡಿಕೊಳ್ಳಿ. ಆಮೇಲೆ ಜೊತೆಗೆ ಬರುವ ಪ್ಲಾಸ್ಟಿಕ್ ಹಾಳೆಯನ್ನು ಅದೇ ತಗಡಿನ ಮೇಲಿಟ್ಟು ಅದರ ಮೇಲೆ ಬರೆದ ಅಂಕಿ ಬರುತ್ತದೆಯೇ ನೋಡಿ. ಕಾರು ತೊಳೆದು ಒಣಗಿರಬೇಕು. ವ್ಯಾಕ್ಸ್ ಪದರ ಅಂಕಿಯನ್ನು ಅಷ್ಟೇನೂ ಕದಲಿಸುವುದಿಲ್ಲ, ಆದರೆ ಪ್ರೋಬ್ ತುದಿಗೆ ಸಿಕ್ಕಿದ ಮರಳಿನ ಕಣ ಅಂಕಿಯನ್ನೂ ಕೆಡಿಸುತ್ತದೆ, ಬಣ್ಣಕ್ಕೂ ಗೀರು ಹಾಕುತ್ತದೆ. ಪ್ರತಿ ಪ್ಯಾನೆಲ್‌ನಲ್ಲಿ ಕನಿಷ್ಠ ಒಂಬತ್ತು ಕಡೆ ಅಳೆಯಿರಿ. ಅಂಚಿನಿಂದ ಎರಡು ಮೂರು ಸೆಂಟಿಮೀಟರ್ ಒಳಗಿರಲಿ. ಪ್ರೋಬ್ ನೆಟ್ಟಗೆ ಕೂರಬೇಕು. ಮಡ್ಗಾರ್ಡಿನ ಬಿರುಸಾದ ತಿರುವಿನಲ್ಲಿ ಒಂದೇ ಓದನ್ನು ನಂಬಬೇಡಿ, ಮೂರು ತೆಗೆದು ಸರಾಸರಿ ಹಿಡಿಯಿರಿ. ಸರಾಸರಿಯ ಜೊತೆಗೆ ಕನಿಷ್ಠ, ಗರಿಷ್ಠಗಳನ್ನೂ ಮೀಟರೇ ಲೆಕ್ಕ ಹಾಕಿ ಕೊಡುತ್ತದೆ. ತೀರ್ಮಾನಕ್ಕೆ ಸರಾಸರಿಗಿಂತ ಈ ಕನಿಷ್ಠ ಗರಿಷ್ಠಗಳ ನಡುವಿನ ಅಂತರವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಉಕ್ಕಿನ ಬಾಡಿಯ ಮೇಲಿನ ಫ್ಯಾಕ್ಟರಿ ಬಣ್ಣ, ಪ್ರೈಮರ್ ಸೇರಿ, ಸಾಮಾನ್ಯವಾಗಿ 80ರಿಂದ 180 ಮೈಕ್ರಾನ್ ಒಳಗೆ ನಿಲ್ಲುತ್ತದೆ. ಹಳೆಯದರ ಮೇಲೇ ಇನ್ನೊಮ್ಮೆ ಬಣ್ಣ ಹೊಡೆದಿದ್ದರೆ 200ರಿಂದ 400. ಅದಕ್ಕೂ ಮೇಲೆ ಹೋಗಿ, ಪಕ್ಕದಲ್ಲೇ ಒಂದು ಗೇಣು ಸರಿದರೆ 150ಕ್ಕೆ ಇಳಿಯಿತೆಂದರೆ ಅಲ್ಲಿ ಸಾಮಾನ್ಯವಾಗಿ ಪುಟ್ಟಿ ಇರುತ್ತದೆ. ಅಂಕಿಯೇ ಬರದೆ ವ್ಯಾಪ್ತಿ ಮೀರಿದರೆ ಒಂದೂವರೆ ಮಿಲಿಮೀಟರಿಗಿಂತ ದಪ್ಪದ ಏನೋ ಇದೆ ಎಂದರ್ಥ.

ಆ ಏನೋ ಎಂಬುದರಲ್ಲೇ ಜನ ಎಡವುವುದು. ಜಾಗ್ವಾರ್ ಇ-ಟೈಪ್, ಪೋರ್ಷೆ 356ರ ಕಾಲದ ಕಾರುಗಳಲ್ಲಿ ಬಾಡಿಯ ಬೆಸುಗೆ ಜೋಡಣೆಗಳನ್ನು ಫ್ಯಾಕ್ಟರಿಯಲ್ಲೇ ಸೀಸ ತುಂಬಿ ನಯಗೊಳಿಸುತ್ತಿದ್ದರು. ಸೀಸಕ್ಕೆ ಕಾಂತ ಹಿಡಿಯುವುದಿಲ್ಲ. ಹಾಗಾಗಿ ಮೀಟರು ಅದನ್ನೂ ಬಣ್ಣದ ಲೆಕ್ಕಕ್ಕೇ ಸೇರಿಸಿ, ಅಪ್ಪಟ ಮೂಲ ಕಾರಿನಲ್ಲೂ ಪುಟ್ಟಿ ಹಾಕಿದಂಥ ಅಂಕಿ ತೋರಿಸುತ್ತದೆ. ಬಿಡಿಸಿಕೊಳ್ಳಲು ಎರಡು ದಾರಿ. ಸೀಸ ಎಡ ಬಲ ಎರಡೂ ಕಡೆ ಅದೇ ಜೋಡಣೆಯ ಗುಂಟ ಸಿಗುತ್ತದೆ, ಅಪಘಾತದ ಪುಟ್ಟಿ ಸಾಮಾನ್ಯವಾಗಿ ಒಂದೇ ಕಡೆ. ಎರಡನೆಯದು ಎನ್ ಲಾಕ್. ಅದನ್ನು ಹಾಕಿದರೆ ಮೀಟರು ಎಡ್ಡಿ ಕರೆಂಟ್ ವಿಧಾನಕ್ಕೆ ಅಂಟಿಕೊಳ್ಳುತ್ತದೆ. ಸೀಸ ವಿದ್ಯುತ್ ವಾಹಕವಾದ್ದರಿಂದ ಆಗ ಅದರ ಮೇಲಿನ ಬಣ್ಣದ ದಪ್ಪವಷ್ಟೇ ಬರುತ್ತದೆ. ಪಾಲಿಯೆಸ್ಟರ್ ಪುಟ್ಟಿಯ ಮೇಲೆ ಆಗಲೂ ದೊಡ್ಡ ಅಂಕಿಯೇ ಬರುತ್ತದೆ. ಸೀಸದ ತುಂಡಿನ ಮೇಲೆ ಸೊನ್ನೆ ಹೊಂದಿಸದಿದ್ದರೆ ಅಂಕಿ ಸ್ವಲ್ಪ ಆಚೀಚೆಯಾದೀತು. ಚಿಂತೆಯಿಲ್ಲ, 150ಕ್ಕೂ 1500ಕ್ಕೂ ಇರುವ ವ್ಯತ್ಯಾಸ ಅದರಿಂದ ಮರೆಯಾಗುವುದಿಲ್ಲ.

ಇಟಲಿಯಲ್ಲಿ ಕೈಯಿಂದ ತಟ್ಟಿ ಮಾಡಿದ ಬಾಡಿಗಳದು ಬೇರೆಯೇ ಕಥೆ. ತಗಡಿನ ಏರುತಗ್ಗು ಮುಚ್ಚಲು ಅಲ್ಲಿ ಹೊಸ ಕಾರಿಗೇ ದಪ್ಪ ಪದರ ಹಾಕಿದ್ದುಂಟು. ಬರೀ ದಪ್ಪ ನೋಡಿ ಅಂಥ ಕಾರಿಗೆ ಹಣೆಪಟ್ಟಿ ಹಚ್ಚುವಂತಿಲ್ಲ.

ಎಫ್, ಎನ್ ಅಕ್ಷರಗಳನ್ನೂ ಬರೆದಿಟ್ಟುಕೊಳ್ಳಿ. ಮರ್ಸಿಡಿಸ್ 300 ಎಸ್‌ಎಲ್ ಗಲ್‌ವಿಂಗ್‌ನ ಬಾಡಿ ಉಕ್ಕು. ಬಾನೆಟ್, ಬಾಗಿಲು, ಡಿಕ್ಕಿ ಮುಚ್ಚಳ ಅಲ್ಯೂಮಿನಿಯಂ. ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಮೊದಮೊದಲ ಮಾದರಿಗಳ ಬಾನೆಟ್ ಕೂಡ ಅಲ್ಯೂಮಿನಿಯಂ. ಅಂಥ ಕಡೆ ಎಫ್ ಬಂದರೆ ಆ ಭಾಗ ಬದಲಾಗಿದೆ, ಬಣ್ಣದ ದಪ್ಪ ಎಷ್ಟೇ ಸರಿಯಿರಲಿ.

ಎಲ್ಲ ಕಡೆ 130 ಬಂತೆಂದು ಬಣ್ಣ ಮೂಲದ್ದೇ ಎಂದುಕೊಳ್ಳುವುದೂ ತಪ್ಪು. ತಗಡಿನವರೆಗೆ ಕೆರೆದು ಅಚ್ಚುಕಟ್ಟಾಗಿ ಹೊಡೆದ ಹೊಸ ಬಣ್ಣವೂ ಅದೇ ಅಂಕಿ ಕೊಡುತ್ತದೆ. ಅದಕ್ಕೆ ಬಾಗಿಲ ಚೌಕಟ್ಟು, ಡಿಕ್ಕಿಯ ಒಳಗೋಡೆ, ಬಾನೆಟ್ಟಿನ ಅಡಿ ಇವನ್ನೂ ಅಳೆಯಬೇಕು. ಫ್ಯಾಕ್ಟರಿ ಬಣ್ಣ ಒಳಭಾಗಗಳಲ್ಲಿ ಸಾಮಾನ್ಯವಾಗಿ ತೆಳುವಾಗಿರುತ್ತದೆ. ಒಳಗೂ ಹೊರಗೂ ಒಂದೇ ಸಮ ಇದ್ದರೆ ಅನುಮಾನಿಸಿ. ಆಮೇಲೆ ಬಾಗಿಲ ರಬ್ಬರ್ ಎತ್ತಿ ಮಾಸ್ಕಿಂಗ್ ಟೇಪಿನ ಗೆರೆ, ರಬ್ಬರಿನ ಮೇಲೆ ಬಿದ್ದ ಸ್ಪ್ರೇ ಹುಡುಕಿ. ಇದು ಕಣ್ಣಿನ ಕೆಲಸ, ಮೀಟರಿನದಲ್ಲ.

ಈ ಅಂಕಿಗಳಿಂದ ನಿರ್ಧಾರಕ್ಕೆ ಬರುವುದು ಹೀಗೆ. ಹೆಚ್ಚಿನ ಪ್ಯಾನೆಲ್‌ಗಳು ಫ್ಯಾಕ್ಟರಿ ಮಟ್ಟದಲ್ಲಿದ್ದು ಒಂದೆರಡು ಮಾತ್ರ ದಪ್ಪವಿದ್ದರೆ ಪೂರ್ತಿ ಬಣ್ಣ ತೆಗೆಸಲು ಕಾರಣವೇ ಇಲ್ಲ. ಕೆಟ್ಟ ಪ್ಯಾನೆಲ್ ಒಂದನ್ನೇ ಸರಿಮಾಡಿ, ಹೊಸ ಬಣ್ಣವನ್ನು ಹತ್ತಿರದ ಬಾಡಿ ಗೆರೆಗೆ ನಿಲ್ಲಿಸಿ. ಅಂತರರಾಷ್ಟ್ರೀಯ ಹಳೆ ವಾಹನ ಒಕ್ಕೂಟ ಫೀವಾದ ಟ್ಯೂರಿನ್ ಸನ್ನದು ಕೂಡ ಇದ್ದ ವಸ್ತುವಿಗೆ ಆದಷ್ಟು ಕಡಿಮೆ ಕೈಹಚ್ಚುವುದನ್ನೇ ಮುಂದಿಡುತ್ತದೆ. ಎಲ್ಲೆಡೆ 350 ದಾಟಿ, ಒಳಭಾಗಗಳಿಗೂ ಬಣ್ಣ ಬದಲಾಗಿದ್ದರೆ ಉಳಿಸಬೇಕಾದ ಮೂಲ ಬಣ್ಣ ಆಗಲೇ ಹೋಗಿದೆ ಅಥವಾ ಹೂತುಹೋಗಿದೆ. ಪೂರ್ತಿ ಮಾಡಿಸಲು ಅಳುಕು ಬೇಡ.

ಕಷ್ಟ ಇರುವುದು ತೆಳು ಬಣ್ಣದ್ದು. ಮೂಲ ಬಣ್ಣವೇ ಹೌದು, ಆದರೆ ದಶಕಗಳ ರಬ್ಬಿಂಗ್ ಕಾಂಪೌಂಡಿಗೆ ಸಿಕ್ಕಿ ಬಾನೆಟ್ ಮೇಲೆ 60 ಅಥವಾ 70 ಉಳಿದಿದೆ ಎನ್ನಿ. ಇದರಲ್ಲಿ ಪ್ರೈಮರೂ ಸೇರಿದೆ, ಮೀಟರು ಪದರಗಳನ್ನು ಬೇರೆಮಾಡಿ ಹೇಳುವುದಿಲ್ಲ. ಮೆಷಿನ್ ಪಾಲಿಶ್ ಪ್ರತಿ ಸಲವೂ ಕೆಲವು ಮೈಕ್ರಾನ್ ತಿನ್ನುತ್ತದೆ, ಏಣುಗಳಲ್ಲಿ ಇನ್ನೂ ಹೆಚ್ಚು. ಇಂಥ ಬಣ್ಣಕ್ಕೆ ಮೆಷಿನ್ ಬೇಡವೇ ಬೇಡ. ಸೌಮ್ಯ ಶಾಂಪೂ, ಕೈಯಿಂದ ಹಚ್ಚುವ ವ್ಯಾಕ್ಸ್ ಸಾಕು. ಪಾಲಿಶ್ ಮಾಡಲೇಬೇಕೆಂದಿದ್ದರೆ ಒಂದು ಅಂಗೈ ಅಗಲ ಮಾಡಿ, ಮೊದಲೂ ಆಮೇಲೂ ಅಳೆದು, ಎಷ್ಟು ಹೋಯಿತೆಂದು ನೋಡಿ ಮುಂದುವರಿಯಿರಿ. ಈ ಒಂದು ಕೆಲಸದಲ್ಲಿ ಪೊಸಿಟೆಕ್ಟರಿನ ನಿಖರತೆ ದುಡ್ಡು ವಾಪಸ್ ತರುತ್ತದೆ. ಅಗ್ಗದ ಮೀಟರಿನಲ್ಲಿ ಮೂರು ಮೈಕ್ರಾನ್ ವ್ಯತ್ಯಾಸ ಅಳತೆಯ ಏರಿಳಿತದಲ್ಲೇ ಕಳೆದುಹೋಗುತ್ತದೆ.

ಮೀಟರಿಗೆ ಕಾಣದ ದೊಡ್ಡ ವಿಷಯ ತುಕ್ಕು. ಬಾಗಿಲ ಕೆಳಗಿನ ಸಿಲ್ ಒಳಗಿಂದ ಪೊಳ್ಳಾಗಿದ್ದರೂ ಹೊರಗೆ 140 ಎಂದೇ ಬರುತ್ತದೆ. ಎಂಜಿಬಿಯಂಥ ಚಾಸಿಯಿಲ್ಲದ ಬಾಡಿಯಲ್ಲಿ ಭಾರ ಹೊರುವುದೇ ಸಿಲ್. ಕಾರನ್ನು ಜ್ಯಾಕ್ ಮೇಲೆತ್ತಿ ಬಾಗಿಲು ತೆರೆದು ಮುಚ್ಚಿ ನೋಡಿ. ಬಾಗಿಲು ಬಿಗಿದುಕೊಂಡರೆ, ಅಂತರ ಕಿರಿದಾದರೆ ಒಳಗೆ ಕೆಟ್ಟಿದೆ. ನೀರು ಇಳಿಯುವ ರಂಧ್ರಗಳಿಂದ ಬೋರೋಸ್ಕೋಪ್ ಕ್ಯಾಮೆರಾ ಬಿಟ್ಟು ನೋಡುವುದು ಇನ್ನೂ ಒಳ್ಳೆಯದು. ಅಲ್ಲಿ ತೂತು ಕಂಡರೆ ಬಣ್ಣ ಎಷ್ಟೇ ಮೂಲದ್ದಾಗಿದ್ದರೂ ವೆಲ್ಡಿಂಗ್ ತಪ್ಪಿದ್ದಲ್ಲ. ಆಗಲೂ ಕತ್ತರಿಸಬೇಕಾದದ್ದು ಸಿಲ್ ಅಷ್ಟೇ, ಮೇಲಿನ ಬಣ್ಣಕ್ಕೆ ಉಪ್ಪುಕಾಗದ ತಾಕಿಸಬೇಕಿಲ್ಲ.

ಫೈಬರ್ ಗ್ಲಾಸ್ ಬಾಡಿಯ ಶೆವರ್ಲೆ ಕಾರ್ವೆಟ್, ಲೋಟಸ್ ಎಲಾನ್ ಇದ್ದವರು ಈ ಮೀಟರ್ ಕೊಳ್ಳಬೇಡಿ. ಅಡಿಯಲ್ಲಿ ಲೋಹವಿಲ್ಲದೆ ಇದು ಓದುವುದೇ ಇಲ್ಲ. ಅದಕ್ಕೆ ಅದೇ ಕಂಪನಿಯ ಪೊಸಿಟೆಕ್ಟರ್ 200 ಇದೆ, ಅಲ್ಟ್ರಾಸೌಂಡ್ ವಿಧಾನದ್ದು. ಅದಕ್ಕೆ ಜೆಲ್ ಹಚ್ಚಿ ಅಳೆಯಬೇಕು, ಕೆಲಸ ನಿಧಾನ.