ಮೂರು ವರ್ಷದ ಕ್ಯಾಂಪರ್ ವ್ಯಾನ್, ಎಂಟು ತಿಂಗಳ ‘ಧಡ್’

ಹಾಸಿಗೆ ಎಷ್ಟುದ್ದ, ಸೋಲಾರ್ ಎಷ್ಟು ವಾಟ್, ಬ್ಯಾಟರಿ ಯಾವುದು ಅಂತ ಬರೆಯಲು ಹೋಗುವುದಿಲ್ಲ. ಅದೆಲ್ಲ ವ್ಯಾನ್ ಕಟ್ಟಿಕೊಡುವವರ ವಿಡಿಯೊಗಳಲ್ಲಿ ಬೇಕಾದಷ್ಟಿದೆ. ನಾನು ಬರೆಯಲು ಕೂತಿದ್ದು ಗಾಡಿಯ ಅಡಿಯಿಂದ ಬರುತ್ತಿದ್ದ ಒಂದು ಸದ್ದಿನ ಬಗ್ಗೆ.

ನಮ್ಮದು ತೀರ್ಥಹಳ್ಳಿ ಹತ್ತಿರ ಸಣ್ಣ ಅಡಿಕೆ ತೋಟ. ಕೊಯ್ಲು ಮುಗಿದ ಮೇಲೆ ನಾನು, ಹೆಂಡತಿ ಸ್ವಲ್ಪ ತಿರುಗಾಡಬೇಕು ಅಂತ ಹಳೇ ಟಿಟಿ (ಟೆಂಪೋ ಟ್ರಾವೆಲರ್) ಒಂದನ್ನು ತೆಗೆದುಕೊಂಡೆವು. ಗಾಡಿಗೆ ಐದೂವರೆ ಲಕ್ಷ, ಒಳಗೆ ಮನೆ ಮಾಡಿಸಲು ಆರು ಲಕ್ಷ. ಆರ್‌ಟಿಓ ಓಡಾಟ ಬೇರೆ. ಈಗ ಮೂರು ವರ್ಷ, 34 ಸಾವಿರ ಕಿಲೋಮೀಟರ್ ಆಗಿದೆ.

ಹೊರಡುವ ದಿನದ ಬೆಳಗ್ಗೆ ನನಗೆ ತುಂಬಾ ಇಷ್ಟ. ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರನ್ನು ವ್ಯಾನಿನ ಟ್ಯಾಂಕಿಗೆ ಬಿಡುತ್ತೇನೆ. 80 ಲೀಟರ್, ಗಾಡಿಯ ಹೊಟ್ಟೆಯ ಕೆಳಗೆ ಎರಡು ಕಬ್ಬಿಣದ ಪಟ್ಟಿಗಳಲ್ಲಿ ತೂಗಿರುವ ಟ್ಯಾಂಕು. ಬಾಯಿಯಿಂದ ನೀರು ಉಕ್ಕಿದ ಮೇಲೇ ಪೈಪ್ ತೆಗೆಯುವುದು. ಅಷ್ಟರಲ್ಲಿ ಇನ್ನೊಂದು ಪೈಪ್ ಹಿಡಿದು ಚಕ್ರ, ಮಡ್‌ಗಾರ್ಡ್, ಅಡಿ ಎಲ್ಲ ತೊಳೆದು ಮುಗಿಸಿರುತ್ತೇನೆ. ಕೆಂಪು ಮಣ್ಣು ಮೆತ್ತಿಕೊಂಡ ಗಾಡಿ ತೆಗೆದುಕೊಂಡು ಪೇಟೆಗೆ ಹೋಗಲು ನಾಚಿಕೆ. ಆಮೇಲೆ ವ್ಯಾನಿನೊಳಗೇ ಮೊದಲ ಕಾಫಿ. ಮನೆ ಅಡುಗೆಮನೆ ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಫಿ ವ್ಯಾನಿನದ್ದೇ ಆಗಬೇಕು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಸದ್ದು ಶುರುವಾಯಿತು. ಹಂಪ್ ಹಾರಿದಾಗ, ಗುಂಡಿಗೆ ಇಳಿದಾಗ, ಅಡಿಯಿಂದ ಒಂದು ‘ಧಡ್’. ಒಮ್ಮೊಮ್ಮೆ ಎರಡು. ಖಾಲಿ ಕೊಡಪಾನಕ್ಕೆ ಮುಷ್ಟಿಯಿಂದ ಗುದ್ದಿದ ಹಾಗೆ.

ಮೊದಲು ಪಾತ್ರೆ ಅಂದುಕೊಂಡೆ. ಹೆಂಡತಿ ಲೋಟ, ತಟ್ಟೆ ಎಲ್ಲಕ್ಕೂ ಟವೆಲ್ ಸುತ್ತಿದಳು. ಐದು ಕೆಜಿ ಸಿಲಿಂಡರಿನ ಬೆಲ್ಟ್ ಬಿಗಿ ಮಾಡಿದೆ. ಸ್ಟೆಪ್ನಿ ಅಲ್ಲಾಡಿಸಿ ನೋಡಿದೆ. ಕೊನೆಗೆ ಒಳಗಿದ್ದ ಸಾಮಾನೆಲ್ಲ ಜಗಲಿಗೆ ಇಳಿಸಿ, ಖಾಲಿ ಗಾಡಿಯನ್ನು ಊರೊಳಗಿನ ರಸ್ತೆಯಲ್ಲಿ ಓಡಿಸಿದೆ. ಧಡ್!

ಆಗುಂಬೆ ಘಾಟಿಯಲ್ಲಿ ನನಗೆ ಸುಳಿವು ಸಿಕ್ಕಿತು ಅಂದುಕೊಂಡೆ. ಮಲ್ಪೆಗೆ ಹೋಗುವಾಗ ಹದಿನಾಲ್ಕೂ ತಿರುವು ಇಳಿದು ಸೋಮೇಶ್ವರ ತಲುಪಿದರೂ ಸದ್ದಿಲ್ಲ. ಎರಡು ದಿನ ಕಡಲ ಹತ್ತಿರ ಇದ್ದು ವಾಪಸ್ ಹತ್ತುವಾಗ ಮಾತ್ರ ಸಣ್ಣ ಗುಂಡಿ ಸಿಕ್ಕಿದರೂ ಧಡ್. ಇಳಿಯುವಾಗ ಇಲ್ಲ, ಹತ್ತುವಾಗ ಇದೆ. ಹತ್ತುವಾಗ ಎಂಜಿನ್ ಜೋರಾಗಿ ಎಳೆಯುತ್ತೆ, ಹಾಗಾಗಿ ಹಿಂದಿನ ಚಕ್ರಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟೇ ಇರಬೇಕು ಅಂತ ತೀರ್ಮಾನ ಮಾಡಿದೆ. ಉದ್ದ ಗಾಡಿಗಳಲ್ಲಿ ಆ ಶಾಫ್ಟ್ ಎರಡು ತುಂಡು, ನಡುವೆ ರಬ್ಬರಿನೊಳಗೆ ಕೂತ ಸೆಂಟರ್ ಬೇರಿಂಗ್. ಯೂಟ್ಯೂಬಿನಲ್ಲಿ ಇಷ್ಟು ಕಲಿತವನನ್ನು ಯಾರು ತಡೆಯಲು ಸಾಧ್ಯ?

ಶಿವಮೊಗ್ಗದ ಗ್ಯಾರೇಜಿಗೆ ಮೂರು ಸಲ ಹೋದೆ. ಮೂರು ಸಲವೂ ಬೆಳಗ್ಗೆ ಎದ್ದು, ಟ್ಯಾಂಕ್ ತುಂಬಿಸಿ, ಅಡಿ ಚೊಕ್ಕಟವಾಗಿ ತೊಳೆದು. ಮೆಕ್ಯಾನಿಕ್ ಓಡಿಸಿ ನೋಡಿ, “ಎಲ್ಲಿ ಸಾರ್ ಸದ್ದು?” ಅನ್ನುತ್ತಿದ್ದ. ಗಾಡಿ ಲಿಫ್ಟಿಗೆ ಏರುತ್ತಿತ್ತು. ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಆದರೂ ನಾನು ಬಿಡಬೇಕಲ್ಲ. ಸೈಲೆನ್ಸರ್ ರಬ್ಬರ್ ಬದಲಾಯಿತು, 400 ರೂಪಾಯಿ. ಕಮಾನ್ ಪಟ್ಟೆಯ ಶ್ಯಾಕಲ್ ಬುಶ್ ಬದಲಾಯಿತು, 3,200. ಕೊನೆಗೆ ಸೆಂಟರ್ ಬೇರಿಂಗ್ ಮತ್ತು ಶಾಫ್ಟಿನ ಕೀಲಾದ ಕ್ರಾಸ್, 7,400. ಸುಳ್ಳು ಯಾಕೆ, ಬುಶ್ ಹಾಕಿಸಿದ ಮೇಲೆ ಹಿಂದೆ ಬರುತ್ತಿದ್ದ ‘ಕಿರ್ ಕಿರ್’ ನಿಂತಿತು. ಆದರೆ ಧಡ್ ಇದ್ದಲ್ಲೇ ಇತ್ತು.

ಆಮೇಲೆ ಸಿಗಂದೂರಿಗೆ ಹೋದೆವು. ಮೊದಲಾದರೆ ಅಂಬಾರಗೊಡ್ಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈಯಲ್ಲಿ ಸೇತುವೆ ತೆರೆದ ಮೇಲೆ ಹಿನ್ನೀರಿನ ಮೇಲೆ ಸುಮಾರು ಎರಡೂವರೆ ಕಿಲೋಮೀಟರ್ ಸೀದಾ ಹೋಗಿಬಿಡಬಹುದು. ನನಗೆ ಲಾಂಚೇ ಇಷ್ಟವಿತ್ತು, ಅದು ಬೇರೆ ಮಾತು. ಹೋಗುವಾಗ ಸೇತುವೆಯ ಜಾಯಿಂಟುಗಳ ಮೇಲೆ ಗಾಡಿ ಮೆತ್ತಗೆ ದಾಟಿತು. ದೇವಸ್ಥಾನಕ್ಕೆ ಹೋಗಿ, ಹಿನ್ನೀರಿನ ಹತ್ತಿರ ಗಾಡಿ ನಿಲ್ಲಿಸಿ ಅಡುಗೆ ಮಾಡಿ, ಸ್ನಾನ ಮಾಡಿ, ಮರುದಿನ ಹೊರಟರೆ ಅದೇ ಸೇತುವೆ, ಅದೇ ನಲವತ್ತರ ಸ್ಪೀಡು, ಜಾಯಿಂಟ್ ಬಂದಾಗೆಲ್ಲ ಧಡ್. ಇಲ್ಲಿ ಹತ್ತೋದೂ ಇಲ್ಲ, ಇಳಿಯೋದೂ ಇಲ್ಲ. ನನ್ನ ಶಾಫ್ಟ್ ಸಿದ್ಧಾಂತ ಅಲ್ಲೇ ಶರಾವತಿ ಪಾಲಾಯಿತು.

ಹೆಂಡತಿ ಹಿಂದಿನ ಸೀಟಿನಲ್ಲಿದ್ದಳು. ಚಪ್ಪಲಿ ಬಿಟ್ಟು ಪಾದ ನೆಲಕ್ಕೆ ಊರಿ ಕೂತಿದ್ದಳು. “ರೀ, ಇದು ಹಿಂದಿನ ಚಕ್ರದ್ದಲ್ಲ. ನನ್ನ ಕಾಲಡಿಗೇ ಬರ್ತಿದೆ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಬೆಳಗ್ಗೆ ಲೋಟ ತೊಳೆಯೋಕೂ ನೀರಿರಲಿಲ್ಲ. ಹೋಗುವಾಗ ತುಂಬಿತ್ತಲ್ವಾ?”

ನನಗೆ ಉತ್ತರ ಹೊಳೆಯಲಿಲ್ಲ. ಸಾಗರದವರೆಗೂ ಸುಮ್ನೆ ಓಡಿಸಿದೆ.

ಮರುದಿನ ತೀರ್ಥಹಳ್ಳಿಯಲ್ಲಿ ಲಾರಿ ಕೆಲಸ ಮಾಡುವ ವಯಸ್ಸಾದ ಮೇಸ್ತ್ರಿ ಒಬ್ಬರ ಹತ್ತಿರ ಹೋದೆ. ನೀರು ತುಂಬಿಸಲಿಲ್ಲ, ತೊಳೆಯಲೂ ಇಲ್ಲ. ಅವರಲ್ಲಿ ಲಿಫ್ಟ್ ಇಲ್ಲ, ನೆಲ ಅಗೆದು ಮಾಡಿದ ಗುಂಡಿ ಇದೆ. “ಲಿಫ್ಟಲ್ಲಿ ಚಕ್ರ ಜೋತು ಬೀಳ್ತದೆ ಗೌಡ್ರೇ. ಭಾರ ಬಿದ್ದಾಗ ಆಗೋ ಆಟ ಅಲ್ಲಿ ಕಾಣೋದಿಲ್ಲ” ಅಂದರು. ಇನ್ನೊಂದು ಕೇಳಿದರು: “ಕ್ಲಚ್ ಒತ್ತಿಕೊಂಡು ಹಂಪ್ ಹಾರಿಸಿ ನೋಡಿದ್ರಾ?” ಇಲ್ಲ, ನೋಡಿರಲಿಲ್ಲ. ಕ್ಲಚ್ ಒತ್ತಿದರೂ ಗುಂಡಿಗೆ ಇಳಿದಾಗಲೇ ಅದೇ ಸದ್ದು ಬಂದರೆ, ಎಂಜಿನ್ ಎಳೆತದ ಮೇಲೆ ಅನುಮಾನ ಪಡುವುದಕ್ಕೆ ಮೊದಲು ತೂಗುಬಿದ್ದಿದ್ದನ್ನೆಲ್ಲ ನೋಡಬೇಕಂತೆ. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ. ನಾನು 7,400 ಕೊಟ್ಟ ಮೇಲೆ ತಿಳಿಯಿತು.

ಟಾರ್ಚ್ ಹಿಡಿದು ನಾನೂ ಗುಂಡಿಗೆ ಇಳಿದೆ. ಗಾಡಿಯ ಅಡಿ ಪೂರ್ತಿ ಕೆಂಪು. ನಟ್ಟು, ಬೋಲ್ಟು, ಪೈಪು ಎಲ್ಲದರ ಮೇಲೂ ಒಣಗಿದ ಮಣ್ಣು. ಅದರ ನಡುವೆ, ಟ್ಯಾಂಕಿನ ಮೇಲೆ ಹಾದು ಹೋಗುವ ಚಾಸಿಯ ಅಡ್ಡಪಟ್ಟಿಯಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಹೊಸ ಚಮಚದ ಹಾಗೆ ಹೊಳೆಯುತ್ತಿತ್ತು. ಮೇಸ್ತ್ರಿ ಟ್ಯಾಂಕಿನ ತಳಕ್ಕೆ ಅಂಗೈ ಕೊಟ್ಟು ಮೇಲಕ್ಕೆ ತಳ್ಳಿದರು. ಧಡ್. ಇನ್ನೊಂದು ಸಲ ತಳ್ಳಿದರು. ಧಡ್. ನಗು ಬಂತು, ಸಿಟ್ಟೂ ಬಂತು.

ವಿಷಯ ಇಷ್ಟೇ. ತುಂಬಿದ ಟ್ಯಾಂಕಿನಲ್ಲಿ 80 ಕೆಜಿ ನೀರು. ಆ ಭಾರಕ್ಕೆ ಅದು ಪಟ್ಟಿಯ ಮೇಲೆ ಕದಲದೆ ಕೂರುತ್ತದೆ. ಖಾಲಿಯಾದರೆ ಹಗುರ, ಗುಂಡಿ ಸಿಕ್ಕಿದಾಗೆಲ್ಲ ನೆಗೆದು ಮೇಲಿನ ಕಬ್ಬಿಣಕ್ಕೆ ತಲೆ ಹೊಡೆದುಕೊಳ್ಳುತ್ತದೆ. ನಾನು ಪ್ರತಿ ಸಲ ಟ್ಯಾಂಕ್ ತುಂಬಿಸಿಕೊಂಡು ಹೋಗಿ ಸದ್ದು ಮುಚ್ಚಿಹಾಕಿದೆ, ಅಡಿ ತೊಳೆದು ಗುರುತನ್ನೂ ಅಳಿಸಿದೆ.

ಸಿಟ್ಟು ಯಾಕೆ ಅಂದರೆ, ಟ್ಯಾಂಕಿಗೂ ಕಬ್ಬಿಣಕ್ಕೂ ನಡುವೆ ಇರಬೇಕಾದ ದಪ್ಪ ರಬ್ಬರ್ ಅಲ್ಲಿ ಇರಲೇ ಇಲ್ಲ. ಒಂದು ಮೂಲೆಯಲ್ಲಿ ಹಳೇ ಟ್ಯೂಬಿನ ತುಂಡು ಹರಿದು ನೇತಾಡುತ್ತಿತ್ತು. ಎರಡು ಮಳೆಗಾಲ ತಡೆದಿದ್ದೇ ಹೆಚ್ಚು. ಪಟ್ಟಿಯ ಬೋಲ್ಟುಗಳಿಗೆ ಲಾಕ್‌ನಟ್ ಕೂಡ ಇಲ್ಲ. ಆರು ಲಕ್ಷ ತೆಗೆದುಕೊಂಡವರಿಗೆ ಐವತ್ತು ರೂಪಾಯಿಯ ರಬ್ಬರ್ ಭಾರವಾಯಿತೇ? ಒಳಗೆ ಬಾಗಿಲಿನ ಹಿಡಿಕೆಗೂ ಮೂರು ಬಣ್ಣ ತೋರಿಸಿದ್ದರು. ಕಣ್ಣಿಗೆ ಬೀಳದ ಜಾಗದಲ್ಲಿ ಟ್ಯೂಬ್. ಫೋನ್ ಮಾಡಿದರೆ, “ವಾರಂಟಿ ಒಂದು ವರ್ಷ ಅಲ್ವಾ ಸಾರ್” ಅಂದರು.

ಮೇಸ್ತ್ರಿ ಕನ್ವೇಯರ್ ಬೆಲ್ಟಿನ ತುಂಡು ಕತ್ತರಿಸಿ ನಾಲ್ಕು ಕಡೆ ಕೂರಿಸಿದರು, ಹೊಸ ಬೋಲ್ಟು, ಲಾಕ್‌ನಟ್ ಹಾಕಿದರು. ಮುನ್ನೂರು ರೂಪಾಯಿ. ನಟ್ಟಿನ ಮೇಲೆ ಬಿಳಿ ಪೇಂಟಿನಲ್ಲಿ ಒಂದು ಗೆರೆಯನ್ನೂ ಎಳೆದರು. ನಟ್ ತಿರುಗಿದರೆ ಗೆರೆ ಮುರಿದು ಕಾಣುತ್ತದೆ, ಬಗ್ಗಿ ನೋಡಿದರೆ ಸಾಕು.

ಇಷ್ಟೆಲ್ಲ ಬೈದ ಮೇಲೆ ಇದನ್ನೂ ಹೇಳಬೇಕು. ಒಳಗಿನ ಮರದ ಕೆಲಸ ಮಲೆನಾಡಿನ ಮೂರು ಮಳೆಗಾಲಕ್ಕೂ ಉಬ್ಬಿಲ್ಲ. ಬಾಗಿಲುಗಳು ಇವತ್ತಿಗೂ ಒಂದೇ ಬೆರಳಿಗೆ ಮುಚ್ಚುತ್ತವೆ. ಮಳೆ ಹೊಡೆಯುವಾಗ ಒಳಗೆ ಕೂತು ಕುಡಿದ ಕಾಫಿಗೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆ ಅಂಕ ಗಾಡಿಯ ಅಡಿಭಾಗದ್ದು. ನಮ್ಮ ಹಾಗೆ ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡಿಸುವವರು ಮಾಡಿಸಬಹುದು. ಆದರೆ ಕೊನೆಯ ಕಂತು ಕೊಡುವ ಮೊದಲು ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ಟ್ಯಾಂಕ್ ಖಾಲಿ ಮಾಡಿಸಿ, ಕೈಯಿಂದ ತಳ್ಳಿ ನೋಡಿ. ಬರೀ ಜಾಕ್ ನಂಬಿ ಅಡಿಗೆ ನುಗ್ಗಬೇಡಿ.

ಈ ಭಾನುವಾರ ನಿಟ್ಟೂರು ಕಡೆ ಹೊರಟಿದ್ದೇವೆ. ಕುಡಿಯಲು ಎರಡು ಕ್ಯಾನ್ ನೀರು ಒಳಗಿಟ್ಟಿದ್ದೇನೆ. ಟ್ಯಾಂಕಿಗೆ ಒಂದು ಹನಿಯೂ ಹಾಕಿಲ್ಲ, ಬೇಕೆಂದೇ.